ಗೋಡೆಯ ಮೇಲಿನ ಜಾಗ

ಬಸ್ಸಿನ ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಅಡ್ಯಾರಿನ ನಮ್ಮ ಮನೆಯ ಕಾಂಪೌಂಡು ಗೋಡೆಯ ಎದುರೇ ಬಸ್ ಸ್ಟಾಪು. ರಜೆಯ ಮಧ್ಯಾಹ್ನಗಳಲ್ಲಿ ಬೀದಿಯ ಹುಡುಗಿಯರೆಲ್ಲ ಆ ಗೋಡೆಯೇರಿ ಕೂರುತ್ತಿದ್ದರು. ಬರುವ ಬಸ್ಸಿನ ತಮಿಳು ಬೋರ್ಡನ್ನು ಮೊದಲು ಓದಿದವಳಿಗೆ ಬೇವಿನ ನೆರಳಿನ ಜಾಗ. ಓದಲು ಬಾರದವಳು ಕೆಳಗೆ ಬಿಸಿಲಲ್ಲಿ ನಿಲ್ಲಬೇಕು. ಉಡುಪಿಯಿಂದ ಆಗಷ್ಟೇ ಈ ತಮಿಳು ಊರಿಗೆ ಬಂದಿದ್ದ ನಾನು ಯಾವಾಗಲೂ ಕೆಳಗೇ. ಅಪ್ಪ ತಮ್ಮ ಹೋಟೆಲಿನ ಮೇಜಿನ ಮೇಲೆ ಒದ್ದೆ ಬೆರಳಿನಿಂದ ಅಕ್ಷರ ಬರೆದು ಕಲಿಸುತ್ತಿದ್ದರು. ನೀರು ಆರುವುದರೊಳಗೆ ನಾನು ಮರೆತಿರುತ್ತಿದ್ದೆ.

ಅಂದು ನಾನು ಬಸ್ಸಿನ ನಂಬರ್ ನೋಡಿ ಊರಿನ ಹೆಸರು ಕೂಗಿಬಿಟ್ಟೆ. ಗೋಡೆಯ ಮೇಲಿದ್ದವರೆಲ್ಲ ನಕ್ಕರು. "ನಂಬರ್ ಪಾಕ್ಕಾದೆ, ಎಳುತ್ತ ಪಡಿ," ಎಂದಳು ಪಕ್ಕದ ಮನೆಯ ಸೆಲ್ವಿ. ನಂಬರ್ ನೋಡಬೇಡ, ಅಕ್ಷರ ಓದು ಅಂತ. ತಿರುವಿನಲ್ಲಿ ಬಸ್ಸಿನ ಮೂತಿ ಕಂಡರೆ ಸಾಕು, ಅವಳು ಓದಿಬಿಡುವವಳು.

ಮುಂದಿನ ಬಸ್ಸು ಬಂದು ನಿಂತಿತು. ನನ್ನ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ, ತಪ್ಪಿ, ಮತ್ತೆ ಕೂಡಿಸಿ, ಕೊನೆಗೆ "ಅಂಬತ್ತೂರು" ಎಂದು ಕಿರುಚಿದೆ. ಸೆಲ್ವಿ ಕೆಳಗೆ ಹಾರಿ, ನನ್ನ ಕೈ ಹಿಡಿದು ನೆರಳಿಗೆ ಹತ್ತಿಸಿದಳು.

ಸಂಜೆ ಅಮ್ಮನಿಗೆ ಅದನ್ನೇ ಹೇಳಿದ್ದೇ ಹೇಳಿದ್ದು. ಬಾಲ್ಕನಿಯಿಂದ ಎಲ್ಲ ನೋಡಿದ್ದ ಅಮ್ಮ ಬಟ್ಟೆ ಮಡಚುತ್ತ ಕೇಳಿದರು: "ಬಸ್ಸು ನಿಂತು ಜನ ಇಳಿದಾಯ್ತಲ್ಲ ಮಾರಾಯ್ತಿ. ಅಷ್ಟೊತ್ತು ಆ ಸೆಲ್ವಿ, ಬಾಕಿ ಹುಡುಗಿಯರು ಎಂತ ಮಾಡ್ತಾ ಇದ್ರು?"

"ಮರದಲ್ಲಿ ಕಾಗೆ ನೋಡ್ತಾ ಇದ್ರು," ಅಂದೆ. "ಎಲ್ಲರೂ."