ಬ್ಯಾನರಿನ ಕಪ್ಪು

ಓಣಿಯ ಮುಖಂಡ ಗಜಾನನಣ್ಣನ ಹುಟ್ಟುಹಬ್ಬದ ಬ್ಯಾನರಿಗೆ ಫ್ಲೆಕ್ಸ್ ಅಂಗಡಿಯ ಬಸಲಿಂಗ ಕಂಪ್ಯೂಟರಿನಲ್ಲಿ ಅಣ್ಣನ ಚಿತ್ರ ಬರೆದು ಮುಗಿಸಿದ್ದ. ಅಣ್ಣನ ಬಲಗೈ ಎನಿಸಿಕೊಂಡ ದುಂಡಪ್ಪ ಒಳಗೆ ಬಂದವನೇ ಬಾಗಿಲು ಹಾಕಿದ.

“ಹುಟ್ಟುಹಬ್ಬ ಇಲ್ಲ. ಚಿತ್ರ ಇದ ಇರ್ಲಿ. ಹಿಂದಿನ ಹಳದಿ ತಗದು ಕರಿ ಬಣ್ಣ ತುಂಬು. ಮ್ಯಾಲೆ ಭಾವಪೂರ್ಣ ಶ್ರದ್ಧಾಂಜಲಿ ಅಂತ ಬರಿ.”

“ಅಯ್ಯೋ ದೇವ್ರ, ಅಣ್ಣಾರು ಹೋದ್ರಾ?”

“ಸುಮ್ನ ಕೆಲಸ ಮಾಡಲೇ.”

ಅಳುತ್ತಲೇ ಬಸಲಿಂಗ ಪರದೆಯ ಮೇಲಿನ ಬಣ್ಣ ತುಂಬುವ ಬಕೆಟ್ಟಿನ ಗುರುತನ್ನು ಒತ್ತಿದ. ಚಿತ್ರದಲ್ಲಿ ಹೆಗಲಿನ ಗೆರೆ ಒಂದು ಕಡೆ ಕೂಡಿರಲಿಲ್ಲ. ಆ ಸಂದಿಯಿಂದ ಕಪ್ಪು ಒಳನುಗ್ಗಿ ಅಣ್ಣನ ಮುಖವನ್ನೆಲ್ಲ ನುಂಗಿತು. ದುಂಡಪ್ಪ ಬಸಲಿಂಗನ ಕೂದಲು ಹಿಡಿದು ಹಣೆಯನ್ನು ಮೇಜಿಗೆ ಬಡಿದ. ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು.

“ನನ್ನ ಸಾಕಿದಾಂವ ಅಂವ. ಮಾರಿ ಕೆಡಸ್ತೀಯೇನಲೇ? ಚಂದ ಕಾಣಬೇಕು.”

ಬಸಲಿಂಗ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡು, ತುಂಬಿದ್ದ ಕಪ್ಪು ಅಳಿಸಿ ಗೆರೆ ಕೂಡಿಸಿದ, ಮತ್ತೆ ಕಪ್ಪು ತುಂಬಿದ. ಈ ಸಲ ಮುಖ ಉಳಿಯಿತು. ಚಿತ್ರದ ಕೆಳಗೆ ‘ಮರಣ’ ಎಂದು ಬರೆದು ಕೈ ತಡೆದ.

“ಯಾವ ತಾರೀಖ ಹಾಕ್ಲಿರಿ?”

“ಬ್ಯಾನರ್ ಯಾವಾಗ ಕೊಡ್ತಿ?”

“ಪ್ರಿಂಟಾಗಿ ಒಣಗಬೇಕ್ರಿ. ನಾಳೆ ಸಂಜೀಕ.”

“ಹಂಗಾರ ನಾಳಿನ ತಾರೀಖ ಹಾಕು.”