ಗುಲಾಬಿಗೆ ಯಾವ ಕಲಂ?

“ಇದರ ತಲಿ ಹಾರಿಸಿಬಿಡೋಣ್ರಿ, ಬಾಯಾರ,” ಎಂದು ನರ್ಸರಿಯ ಶರೀಫಸಾಬ ಕತ್ತರಿ ತೆರೆದ.

ಬೆಳಗಿನ ಆರು ಗಂಟೆ. ರಂಗಂಪೇಟೆಯ ಆ ಅಂಗಳದಲ್ಲಿ ದಾಸವಾಳ ಕೆಂಪಗೆ ಅರಳಿತ್ತು. ಪಕ್ಕದ ಮನೆಯ ಗೋಡೆಗೆ ಒರಗಿದ ಕಣಗಿಲೆ ಗೊಂಚಲು ಗೊಂಚಲಾಗಿತ್ತು. ಬುಡದ ಅಬ್ಬಲಿಗೆ ಕೂಡ ಕೈಲಾದಷ್ಟು ಬಿಟ್ಟಿತ್ತು. ಇವುಗಳ ನಡುವೆ ಆಳೆತ್ತರ ಬೆಳೆದ ಗುಲಾಬಿಯಲ್ಲಿ ಮಾತ್ರ ಬರೀ ಎಲೆ ಮತ್ತು ಮುಳ್ಳು. ಹೈಸ್ಕೂಲಿನಲ್ಲಿ ಪಾಠ ಹೇಳುವ ಮೌನೇಶ್ವರಿ ಅದಕ್ಕೆ ಚಹಾಪುಡಿ, ಮೊಟ್ಟೆಯ ಸಿಪ್ಪೆ, ಕುರಿಗೊಬ್ಬರ ಎಲ್ಲ ಹಾಕಿ ನೋಡಿದ್ದಳು. ಗಂಡ ಭೀಮೇಶ ನೆಟ್ಟ ಗಿಡ. ಅವನು ತೀರಿಕೊಂಡು ಎರಡು ವರ್ಷ. ಅಂದಿನಿಂದ ಅದರಲ್ಲಿ ಒಂದು ಹೂ ಅರಳಿದ್ದನ್ನು ಆಕೆ ಕಂಡಿಲ್ಲ. “ಗಿಡಕ್ಕೂ ತಿಳೀತದವ್ವ,” ಎಂದು ಓಣಿಯ ಹೆಂಗಸರು ಹೇಳಿದಾಗ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಆಕೆ ಮೊದಮೊದಲು ನಕ್ಕಿದ್ದಳು. ಈಗೀಗ ನಗುತ್ತಿರಲಿಲ್ಲ.

“ಮೊಗ್ಗು ಬರತಾವ್ರಿ, ಸಾಬರ. ಸಂಜಿಕ ನೋಡಿರತೀನಿ. ಮುಂಜಾನೆ ಏಳೋದ್ರಾಗ ಮಾಯ.”

“ಉದುರಿದ್ದು?”

“ಉದುರಿದ್ದೂ ಕಾಣಂಗಿಲ್ಲ.”

“ಹಂಗಾದ್ರ ಹೆಗ್ಗಣ.”

“ಹೆಗ್ಗಣಕ್ಕ ಗುಲಾಬಿ ಯಾಕ್ರಿ?”

“ರುಚಿ ಹತ್ತಿರಬೇಕು.” ಶರೀಫಸಾಬ ಕಾಂಡಕ್ಕೆ ಉಗುರು ಒತ್ತಿ ನೋಡಿದ. “ಮುದುಕಾದ್ರೂ ತೊಗಲು ದಪ್ಪ ಅದ, ತಡಕೊಳ್ಳತದ. ಇವತ್ತ ಕಲಂ ಹಚ್ಚಿಬಿಡತೀನಿ. ಬಿಗಿಯಾಗಿ ಕಟ್ಟಿ, ಇಪ್ಪತ್ತು ದಿನ ಸೂರ್ಯನ ಮಾರಿ ತೋರಸಂಗಿಲ್ಲ.”

“ಹಚ್ಚರಿ,” ಎಂದಳು ಮೌನೇಶ್ವರಿ. “ನನಗೂ ನೋಡಿ ನೋಡಿ ಸಾಕಾಗ್ಯದ.”

ಶರೀಫಸಾಬನ ಬಾಯಲ್ಲಿ ಕಲಂ ಎಂದರೆ ಕಸಿ. ಗೋಡೆಯ ಆಚೆ ಉಸಿರು ಹಿಡಿದು ನಿಂತಿದ್ದ ಪಕ್ಕದ ಮನೆಯ ಚನ್ನಯ್ಯನಿಗೆ ಆ ಅರ್ಥ ಗೊತ್ತಿರಲಿಲ್ಲ. ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಗುಮಾಸ್ತನಾಗಿದ್ದವನಿಗೆ ಕಲಂ ಎಂದರೆ ಒಂದೇ, ಆರೋಪಿಯ ಹೆಸರಿನ ಮುಂದೆ ಬರೆಯುವ ಸಂಖ್ಯೆ.

ಅರೆಗಳಿಗೆಯಲ್ಲಿ ಅವನು ಬೀದಿ ಸುತ್ತಿ ಗೇಟಿನಿಂದ ಒಳಗೆ ಬಂದ. ಹಣೆಯ ತುಂಬ ವಿಭೂತಿ, ಒದ್ದೆ ಪಂಚೆ, ಒಂದೇ ಕಾಲಿಗೆ ಚಪ್ಪಲಿ. ಅರೆಬಿರಿದ ಒಂದು ಗುಲಾಬಿಯನ್ನು ಕಟ್ಟೆಯ ಮೇಲಿಟ್ಟು ಕೈಮುಗಿದ.

“ಕದ್ದ ಮಾಲು, ಮುದ್ದೆಮಾಲು ತಂದೀನವ್ವಾ. ನಾನಾಗೇ ಹಾಜರಾಗೇನಿ, ಅದನ್ನೂ ಬರಕೋ.”

“ಏನಂತೀರಿ, ಕಾಕಾರ?”

“ಹಳೇ ಕಾಯ್ದೆ ಇದ್ದಿದ್ರ ಮುನ್ನೂರಾ ಎಪ್ಪತ್ತೊಂಬತ್ತು. ಹೊಸಾದರಾಗ ಎಷ್ಟನೇದು ಅಂತ ನನಗೂ ಗೊತ್ತಿಲ್ಲ, ನಾ ರಿಟೈರಾದ ಮ್ಯಾಲ ಬದಲಿ ಮಾಡ್ಯಾರ. ಯಾವ ಕಲಂ ಹಚ್ಚತೀರಿ ಹಚ್ಚರಿ. ಆದ್ರ ಹೂ ಕದ್ದಿದ್ದಕ್ಕ ತಲಿ ಹಾರಸೋದು ಯಾವ ಕಾಯ್ದೆದಾಗೂ ಇಲ್ಲ!”

ಶರೀಫಸಾಬ ಕತ್ತರಿ ಮುಚ್ಚಿದ. ಹೆಗ್ಗಣವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದ.

“ಎಷ್ಟ ಒಯ್ದೀರಿ, ಅಯ್ಯನೋರ?”

“ದಿನಾ ಒಂದು. ಸೋಮವಾರ ಎರಡು. ಶ್ರಾವಣದ್ದು ಕೇಳಬ್ಯಾಡ.”

“ಎಂದಿನಿಂದ?” ಎಂದಳು ಮೌನೇಶ್ವರಿ.

ಚನ್ನಯ್ಯ ತನ್ನ ಬರಿಗಾಲನ್ನು ನೋಡಿಕೊಂಡ. “ಭೀಮೇಶ ಹೋದ ತಿಂಗಳದಿಂದ. ಆತ ಇದ್ದಾಗ ಮುಟ್ಟಿದ್ರ ಲಿಂಗದಾಣಿ. ಇನ್ನ ನೀ ಅಂತೂ ಮುಡಿಯಾಕಿ ಅಲ್ಲ. ಗಿಡದ ಮ್ಯಾಲ ಬಾಡೋ ಬದಲಿ ಲಿಂಗದ ಮ್ಯಾಲ ಏರಲಿ ಅಂತ...”

ಆಕೆ ಗಿಡವನ್ನು ಬುಡದಿಂದ ತುದಿಯವರೆಗೆ ನೋಡಿದಳು.

“ಅಂದ್ರ, ಇದು ಅರಳಾಕತ್ತಿತ್ತು,” ಎಂದಳು ಮೌನೇಶ್ವರಿ.

“ಏನ್ ಕೇಳತೀಯವ್ವ! ಬ್ಯಾಸಗ್ಯಾಗೂ ತಪ್ಪಿಲ್ಲ. ಹೂ ಬಿಡೋ ಟೊಂಗಿ ಹೆಚ್ಚಾಗಿ ಕಣಗಿಲಿ ಸಂದ್ಯಾಗಿಂದ ನಮ್ಮ ಕಡಿ ಬಂದಾವ. ಬಿಸಿಲು ನಮ್ಮ ಕಡಿ ಜಾಸ್ತಿ.” ಅಪರಾಧ ಮರೆತು ಅವನ ದನಿಯಲ್ಲಿ ಹೆಮ್ಮೆ ಇಣುಕಿತು.

ಶರೀಫಸಾಬ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದ. “ಎಂಟನೂರು ದಾಟತದ್ರಿ, ಬಾಯಾರ. ಶ್ರಾವಣ ಬಿಟ್ಟು.”

ಮೌನೇಶ್ವರಿ ಕಣಗಿಲೆಯನ್ನು ಬದಿಗೆ ಸರಿಸಿ ಗೋಡೆಯ ಆಚೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ತಿರುಗಿ ಬಂದು ಹೇಳಿದಳು: “ಕತ್ತರಿ ಒಳಗ ಇಡ್ರಿ, ಸಾಬರ. ಇದಕ್ಕ ಏನೂ ಆಗಿಲ್ಲ.”

“ಮತ್ತ ಕಲಂ?” ಎಂದ ಚನ್ನಯ್ಯ.

“ಅದು ಗಿಡಕ್ಕ ಹಚ್ಚೋದ್ರಿ, ಅಯ್ಯನೋರ,” ಎಂದ ಶರೀಫಸಾಬ. “ಕಸಿ ಕಟ್ಟೋದು. ಪೊಲೀಸರು ಹಚ್ಚೋದಲ್ಲ.”

ಚನ್ನಯ್ಯ ಕಟ್ಟೆಯ ಮೇಲೆ ಕುಸಿದು ಕೂತ. ಅವನ ಮುಖದಲ್ಲಿ ಮೊದಲು ಸಮಾಧಾನ, ಅದರ ಹಿಂದೆಯೇ ಸುಮ್ಮನೆ ಎಲ್ಲ ಒಪ್ಪಿಕೊಂಡೆನಲ್ಲ ಎಂಬ ಸಂಕಟ ಬಂದು ಹೋದವು. ಕಡೆಗೆ ಉಳಿದದ್ದು ರೂಢಿ. “ಹಂಗಾದ್ರ... ಪೂಜಿಗಿ ಹೊತ್ತಾತು,” ಎನ್ನುತ್ತ ಮುದ್ದೆಮಾಲಿನ ಕಡೆ ಕೈ ಚಾಚಿದ.

ಅಷ್ಟರಲ್ಲಿ ಮೌನೇಶ್ವರಿ ಅದನ್ನು ಎತ್ತಿಕೊಂಡಿದ್ದಳು.

“ಇವತ್ತೊಂದಿನ ಲಿಂಗಕ್ಕ ಕಣಗಿಲಿ ಏರಸ್ರಿ, ಕಾಕಾರ.”

ಅಲ್ಲೇ ನಿಂತು, ಕನ್ನಡಿ ಇಲ್ಲದೆ, ಅಂದಾಜಿನಲ್ಲಿ ಹೂವನ್ನು ತುರುಬಿಗೆ ಸಿಕ್ಕಿಸಿಕೊಂಡಳು. ಎರಡು ವರ್ಷದಲ್ಲಿ ಕೈಗೆ ಜಾಗ ಮರೆತಿತ್ತು. ಶರೀಫಸಾಬ ದಾಸವಾಳದ ಎಲೆಯಲ್ಲಿ ಏನೋ ರೋಗ ಹುಡುಕತೊಡಗಿದ. ಚನ್ನಯ್ಯ ನೆಲ ನೋಡಿದ, ಗೇಟು ನೋಡಿದ, ಕೊನೆಗೆ ತಲೆ ಎತ್ತಿ ಆಕೆಯನ್ನೇ ನೋಡಿದ.

“ಸೊಟ್ಟ ಆಗ್ಯದವ್ವಾ,” ಎಂದ. “ಒಂದೀಟು ಬಲಕ್ಕ.”