ಹಣೆಯಿಂದ ಇಳಿದ ಮೂಗು

ಬೆರಳು ತಾಗಿದ್ದು ಹಣೆಗೆ. ಬಿಗಿಯಾಗಿ ಕಣ್ಣು ಮುಚ್ಚಿ ಕುಳಿತಿದ್ದ ತಾಯಿಗೆ ಅಷ್ಟು ತಿಳಿಯಿತು. ಅಂದರೆ, ಮಗಳು ಈ ಹೊಸ ಮೂಗನ್ನು ಮುಟ್ಟಲಿಲ್ಲ.

ನಾಯಿ ಕಚ್ಚಿ ಹಳೆಯ ಮೂಗು ಹೋಗುವ ಮುನ್ನ ಅದು ಮಗಳ ಪಾಲಿಗೆ ಬಸ್ಸಿನ ಹಾರ್ನ್ ಆಗಿತ್ತು. ಅವಳು ಒತ್ತಿದಾಗಲೆಲ್ಲ ತಾಯಿ "ಪೋಂ" ಎನ್ನಬೇಕಿತ್ತು. ಆಮೇಲೆ ಆ ಮಗು ಅಮ್ಮನ ಹತ್ತಿರವೇ ಸುಳಿದಿರಲಿಲ್ಲ. ಇಂದು ಬ್ಯಾಂಡೇಜು ಬಿಚ್ಚಿದೊಡನೆ ತಾಯಿಯೇ, "ಬಾ ಕಂದಾ, ಒಂದೇ ಒಂದು ಸಲ ಮೂಗು ಮುಟ್ಟು. ನಾನು ನೋಡಲ್ಲ" ಎಂದು ಕಣ್ಣು ಮುಚ್ಚಿದ್ದಳು.

"ನೋಡಿದ್ರಾ ಡಾಕ್ಟ್ರೇ? ಹಣೆ ಮುಟ್ಟಿ ಸುಮ್ಮನಾದಳು. ನನ್ನ ಮುಖ ಕಂಡ್ರೆ ಅವಳಿಗಿನ್ನೂ ಭಯ," ಎಂದಳು, ಕಣ್ಣು ತೆರೆಯುವ ಧೈರ್ಯವಿಲ್ಲದೆ.

"ಹಣೆಯಲ್ಲಮ್ಮಾ," ಎಂದರು ಡಾಕ್ಟರು ಮೆಲ್ಲಗೆ. "ನಿಮ್ಮ ಹಣೆಯ ಚರ್ಮವನ್ನೇ ಕೆಳಗಿಳಿಸಿ ಈ ಮೂಗು ಕಟ್ಟಿದ್ದೀವಿ. ಮೂಗು ಮುಟ್ಟಿದ್ರೂ ಸದ್ಯಕ್ಕೆ ನಿಮಗೆ ಹಣೆ ಮುಟ್ಟಿದ ಹಾಗೇ ಅನ್ಸುತ್ತೆ."

ತಾಯಿ ಕಣ್ಣು ತೆರೆದಳು. ಪುಟ್ಟ ಬೆರಳು ಮೂಗಿನ ತುದಿಯ ಮೇಲೆಯೇ ಇತ್ತು. ಮಗಳ ಹುಬ್ಬು ಗಂಟಿಕ್ಕಿತ್ತು.

"ಅಮ್ಮಾ, ಆಗ್ಲಿಂದ ಒತ್ತುತ್ತಾನೇ ಇದ್ದೀನಿ. ಹಾರ್ನ್ ಯಾಕೆ ಬರ್ತಿಲ್ಲ?"